ಅವ್ವನ ಫ್ಯಾನಿಗೆ ನಾಲ್ಕು ಬಟನ್

ಗುಬ್ಬಿ, ಅವ್ವನ ಮಂಚದ ಪಕ್ಕ
11 ಮಾರ್ಚ್ 2025, ಮಂಗಳವಾರ

ಕೃಷ್ಣಕುಮಾರ್ ಮೇಷ್ಟ್ರಿಗೆ,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಮೇಷ್ಟ್ರು ಎಂದಿದ್ದೇನೆ. ಹೆಚ್ಚುಕಡಿಮೆ ನಾಲ್ಕು ವರ್ಷದ ಮೇಲೆ ನಿನಗೆ ನನ್ನಿಂದ ಬರುತ್ತಿರುವ ಮೊದಲ ಮಾತು ಇದು. ಮಾತಲ್ಲ, ಬರಹ. ಅಪ್ಪನ ಹನ್ನೊಂದನೇ ದಿನ ಹುತ್ರಿದುರ್ಗದ ಮನೆಯ ಅಂಗಳದಲ್ಲಿ, ಇದ್ದ ಹತ್ತು ಜನರ ಎದುರಿಗೆ, ಅವ್ವನ ತಲೆಯ ಮೇಲೆ ಕೈ ಇಟ್ಟು ನಾನು ಹೇಳಿದ್ದು “ಇವನ ಜತೆ ಬಾಯಿ ಬಿಟ್ಟು ಮಾತಾಡಿದ್ರೆ ಅವ್ವನಾಣೆ” ಅಂತ. ನೀನೂ ಕೈ ಇಟ್ಟು ಅದನ್ನೇ ಹೇಳಿದೆ. ಕಾಗದ ಬರೆಯಬಾರದು ಎಂದು ಇಬ್ಬರೂ ಹೇಳಿಲ್ಲ. ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಬಿಡಿಸಪ್ಪ ಎಂದು ಕೇಳೋಣವೆಂದರೆ ಅದಕ್ಕೂ ಬಾಯಿ ಬಿಡಬೇಕು.

ವಿಷಯಕ್ಕೆ ಬರುತ್ತೇನೆ. ನೀನು ಸ್ಕೂಲಿಗೆ ಹೋದ ಮೇಲೆ ಎಂದಿನಂತೆ ಇವತ್ತು ಹನ್ನೊಂದಕ್ಕೆ ಬಂದೆ. ಅವ್ವನನ್ನು ನೋಡಿಕೊಳ್ಳುವ ಗಿರಿಯಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಇಲ್ಲಿ ಫ್ಯಾನು ಐದರಲ್ಲಿ ಗಿರಗಿರ ಅಂತಿದೆ. ಅವ್ವನ ಹೊದಿಕೆ ಕಾಲ ಹತ್ತಿರ ಜಾರಿ ಬಿದ್ದಿದೆ. ಎಡಗೈ ಒಂದೇ ಆಡುವ ಮುದುಕಿ ಅದನ್ನು ಹೇಗೆ ಎಳೆದುಕೊಳ್ಳಬೇಕು? ಲಕ್ವ ಹೊಡೆದು ಮಾತು ಹೋದವಳು ಯಾರನ್ನು ಕೂಗಬೇಕು? ಮುಟ್ಟಿದರೆ ಪಾದ ಐಸು. ಕಣ್ಣಲ್ಲಿ ನೀರು ಹರಿದು ಕಿವಿಯ ಹತ್ತಿರ ದಿಂಬು ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ಮಲಗಿದ್ದಳೋ ದೇವರಿಗೇ ಗೊತ್ತು.

ಫ್ಯಾನಿನ ರೆಗ್ಯುಲೇಟರು ಬಾಗಿಲ ಪಕ್ಕ ಇದೆ, ಅವಳ ಕೈಗೆ ಎಂಟಡಿ ದೂರ. ನಾನು ತುಮಕೂರಿನ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ದಿನವಿಡೀ ಕೂತು ಯಾರ್ಯಾರದೋ ಮೋಟರುಗಳಿಗೆ ಸ್ಟಾರ್ಟ್ ಬಟನ್ನು, ಸ್ಟಾಪ್ ಬಟನ್ನು ಕೂರಿಸಿ ಕಳಿಸುವವಳು. ಹೆತ್ತವ್ವನ ಫ್ಯಾನಿಗೆ ಒಂದು ಬಟನ್ನು ಇಲ್ಲ. ನನಗೆ ನಾಚಿಕೆಯಾಯಿತು.

ಸ್ವಿಚ್ ಬೋರ್ಡಿನ ಹಿಂದೆ ಒಂದು ಪುಟ್ಟ ಮಾಡ್ಯೂಲ್ ಕೂರಿಸಿ, ಮಂಚದ ಪಕ್ಕ ಸ್ಟ್ಯಾಂಡಿಗೆ ಒಂದು ಟ್ಯಾಬ್ ನಿಲ್ಲಿಸುತ್ತೇನೆ. ಅದರ ಪರದೆಯಲ್ಲೇ ಫ್ಯಾನು ನಡೆಯುತ್ತದೆ. ಮನೆ ನಿನ್ನದು, ಬೇಡ ಎನ್ನುವುದಾದರೆ ಬರೆದು ಗಿರಿಯಮ್ಮನ ಕೈಗೆ ಕೊಡು.

ಇಂತಿ,
ಸುಧಾ

---

ಗುಬ್ಬಿ
13 ಮಾರ್ಚ್ 2025

ಸುಧಾಗೆ,

ಮಾತ್ರೆ ಡಬ್ಬಿಯ ಕೆಳಗೆ ನಿನ್ನ ಕಾಗದ ಸಿಕ್ಕಿತು.

ಫ್ಯಾನನ್ನು ಐದರಲ್ಲಿ ಇಟ್ಟುಹೋದವನು ನಾನೇ. ಬೆಳಗ್ಗೆ ಒಂಬತ್ತಕ್ಕೆಲ್ಲ ಈ ತಾರಸಿ ಮನೆ ರೊಟ್ಟಿ ಹಂಚಿನಂತೆ ಕಾಯುತ್ತದೆ. ಅವ್ವ ಬೆವರಿದ್ದಳು, ಹಾಕಿದೆ. ಆಮೇಲೆ ಅವಳಿಗೆ ಚಳಿಯಾಯಿತು ಎಂಬುದು ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನಿಗೆ ಹೇಗೆ ತಿಳಿಯಬೇಕು? ವಾರಕ್ಕೊಮ್ಮೆ ಬಂದು ಹೋಗುವವರಿಗೆ ತಪ್ಪು ಚೆನ್ನಾಗಿ ಕಾಣುತ್ತದೆ.

ಕೊರೊನಾದಲ್ಲಿ ಅಪ್ಪನನ್ನು ಬೇಡ ಬೇಡ ಎಂದರೂ ಬೆಂಗಳೂರಿಗೆ ಒಯ್ದು ಮೂಗಿಗೆ ಯಂತ್ರ ಹಾಕಿಸಿದೆ. ನಮಗೆ ಬೂದಿ ಬಂತು, ಮುಖ ನೋಡಲಿಕ್ಕೂ ಸಿಗಲಿಲ್ಲ. ಈಗ ಅವ್ವನಿಗೂ ಒಂದು ಯಂತ್ರ ತರುತ್ತೀ.

ಮೇಲಿನ ಸಾಲು ಬರೆಯಬಾರದಿತ್ತು. ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ, ಇರಲಿ. ಅವಳ ಕಾಲು ತಣ್ಣಗಿತ್ತು ಎಂದು ಓದಿದ ಮೇಲೆ ನನಗೆ ಊಟ ಸೇರಿಲ್ಲ. ಬಂದು ಹಾಕು.

ಕೃಷ್ಣಕುಮಾರ್

---

ಗುಬ್ಬಿ
25 ಮಾರ್ಚ್ 2025, ಮಂಗಳವಾರ

ಅಣ್ಣನಿಗೆ,

ಹಾಕಿದ್ದೇನೆ. ಮಾಡ್ಯೂಲ್ ಕೂರಿಸಲು ಅರ್ಧ ಗಂಟೆ ಹಿಡಿಯಿತು, ಪರದೆ ಸರಿಮಾಡಲು ಮೂರು ಗಂಟೆ.

ಟ್ಯಾಬಿನ ಪರದೆಯಲ್ಲಿ ಕಾಣುವ ಡ್ಯಾಶ್‌ಬೋರ್ಡಿನಲ್ಲಿ ಫ್ಯಾನಿಗೆಂದು ರೆಡಿಮೇಡ್ ಆಗಿ ಬರುವುದು ಒಂದು ಎಳೆಯುವ ಪಟ್ಟಿ. ಬೆರಳಿಟ್ಟು ಮೇಲಕ್ಕೆ ಜಾರಿಸಿದರೆ ಜೋರು, ಕೆಳಕ್ಕೆ ಜಾರಿಸಿದರೆ ನಿಧಾನ. ನಮಗೆ ನಿಮಗೆ ಸರಿ, ಅವ್ವನ ಬೆರಳು ಜಾರುವುದಿಲ್ಲ, ಕುಟ್ಟುತ್ತದೆ ಅಷ್ಟೇ. ಅವಳು ಕುಟ್ಟಿದ ಕಡೆ ಫ್ಯಾನು ಹೋಗಿ ನಿಲ್ಲುತ್ತಿತ್ತು. ಒಮ್ಮೆ ನೂರಕ್ಕೆ, ಒಮ್ಮೆ ಹತ್ತಕ್ಕೆ. ಅವ್ವ ನನ್ನ ಮುಖ ನೋಡಿದಳು. ಮಾತಿದ್ದಿದ್ದರೆ “ಇದ್ಯಾವ ಸೀಮೆ ಕೆಲ್ಸಾನೇ” ಎನ್ನುತ್ತಿದ್ದಳು, ಗ್ಯಾರಂಟಿ.

ಆ ಪಟ್ಟಿಯನ್ನು ತೆಗೆದು ಎಸೆದು ನಾಲ್ಕು ಬಟನ್ ನಾನೇ ಮಾಡಿದೆ. ಒಂದೊಂದೂ ಅಂಗೈ ಅಗಲ. ಹಾಕು, ಜೋರು, ಮೆಲ್ಲಗೆ, ಸಾಕು. ನಮ್ಮ ವರ್ಕ್‌ಶಾಪಿನ ಕ್ರಮದಂತೆ ಹಾಕು ಎಂಬುದಕ್ಕೆ ಹಸಿರು, ಸಾಕು ಎಂಬುದಕ್ಕೆ ಕೆಂಪು. ನಾನು ಹೊರಡುವ ಹೊತ್ತಿಗೆ ಅವಳೇ ಒತ್ತಿ ಫ್ಯಾನು ಹಾಕಿಕೊಂಡಳು. ಒಂದೂಕಾಲು ವರ್ಷದಲ್ಲಿ ತನ್ನ ಕೈಯಾರೆ ಮಾಡಿಕೊಂಡ ಮೊದಲ ಕೆಲಸ ಅದು. ಗಿರಿಯಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು, ನಾನೂ ಅತ್ತೆ.

ಏನು ತೊಂದರೆ ಕಂಡರೂ ಬರೆ.

ಸುಧಾ

---

ಗುಬ್ಬಿ
2 ಏಪ್ರಿಲ್ 2025

ಸುಧಾಗೆ,

ತೊಂದರೆ ಬರೆ ಎಂದಿದ್ದೀಯ, ಬರೆಯುತ್ತೇನೆ.

ಮೊದಲನೆಯದು. ಸೆಕೆಯಾದಾಗಲೆಲ್ಲ ಅವ್ವ ಕೆಂಪನ್ನು ಒತ್ತುತ್ತಾಳೆ, ಫ್ಯಾನು ನಿಲ್ಲುತ್ತದೆ, ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ನಿಮ್ಮ ಕಾರ್ಖಾನೆಯ ಕಾನೂನು ಅವಳಿಗೇನು ಗೊತ್ತು? ಅವಳ ಪ್ರಕಾರ ಕೆಂಪು ಎಂದರೆ ಮೆಣಸಿನಕಾಯಿ, ಕೆಂಪು ಎಂದರೆ ಜೋರು. ಬಣ್ಣ ಬದಲಾಯಿಸು.

ಎರಡನೆಯದು. ಮೆಲ್ಲಗೆ ಎಂಬ ಬಟನ್ ಒಂದೊಂದು ಮೆಟ್ಟಿಲು ಇಳಿಸುತ್ತದೆ. ಸರಿ. ಆದರೆ ಫ್ಯಾನು ಒಂದರಲ್ಲೇ ಇದ್ದಾಗ ಒತ್ತಿದರೆ? ಒಂದರಲ್ಲಿ ಒಂದು ಕಳೆದರೆ ಸೊನ್ನೆ. ನಿಂತೇ ಹೋಗುತ್ತದೆ. ಆರನೇ ಕ್ಲಾಸಿನ ಹುಡುಗರಿಗೂ ಬರುವ ಲೆಕ್ಕ ಇದು. ನೀನು ಕಳೆಯುವ ಲೆಕ್ಕದಲ್ಲಿ ಯಾವಾಗಲೂ ಹಿಂದೆ.

ಮೂರನೆಯದು. ಅವಳ ಕಣ್ಣಿಗೆ ಪೊರೆ ಬಂದಿದೆ. ಒತ್ತಿದ ಮೇಲೆ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಫ್ಯಾನಿನ ಕಡೆ ಕತ್ತು ಎತ್ತಿ ನೋಡುತ್ತಾಳೆ, ಏನೂ ಕಾಣದೆ ಮತ್ತೆ ಒತ್ತುತ್ತಾಳೆ. ಒತ್ತಿದಾಗ ಏನಾದರೂ ಸದ್ದು ಬರುವಂತೆ ಮಾಡಲು ಆಗುತ್ತದೆಯೇ?

ಇಷ್ಟೆಲ್ಲ ಬರೆದದ್ದು ದೂರಿಗಲ್ಲ. ರಾತ್ರಿ ಎರಡು ಸಲ ಎದ್ದು ಫ್ಯಾನು ನೋಡುತ್ತಿದ್ದವನು ಈಗ ಮಲಗಿದರೆ ಬೆಳಗ್ಗೆಯೇ ಏಳುತ್ತಿದ್ದೇನೆ.

ಕೃಷ್ಣಕುಮಾರ್

---

ಗುಬ್ಬಿ
8 ಏಪ್ರಿಲ್ 2025, ಮಂಗಳವಾರ

ಅಣ್ಣಾ,

ಕೆಂಪು ಜೋರಾಯಿತು, ನೀಲಿ ಸಾಕಾಯಿತು. ಒಂದರಲ್ಲಿ ಇದ್ದಾಗ ಮೆಲ್ಲಗೆ ಒತ್ತಿದರೆ ಒಂದರಲ್ಲೇ ಉಳಿಯುತ್ತದೆ. ಕಳೆಯುವ ಲೆಕ್ಕಕ್ಕೆ ನೀನು ಕಿವಿ ಹಿಂಡಿದ್ದು ಜ್ಞಾಪಕ ಬಂತು, ಈಗಲೂ ಉರಿಯುತ್ತದೆ.

ಸದ್ದಿನ ವಿಷಯ. ಬರೀ ಟಣ್ ಎನ್ನಿಸಬಹುದಿತ್ತು. ಅದರ ಬದಲು ನನ್ನ ದನಿ ಹಾಕಿದ್ದೇನೆ. ಹಾಕು ಒತ್ತಿದರೆ “ಹಾಕ್ದೆ ಕಣವ್ವ” ಎನ್ನುತ್ತದೆ, ಜೋರು ಒತ್ತಿದರೆ “ಇನ್ನೂ ಜೋರು ಮಾಡ್ಲಾ?” ಎಂದು ಕೇಳುತ್ತಲೇ ಜೋರು ಮಾಡುತ್ತದೆ. ಮಿಕ್ಕ ಎರಡಕ್ಕೂ ನನ್ನದೇ ದನಿಯಾದರೆ ಅವಳಿಗೆ ಯಾವುದು ಒತ್ತಿದೆನೆಂದು ಗೊಂದಲವಾಗುತ್ತದೆ. ಅವು ನಿನ್ನವು. ಟ್ಯಾಬಿನ ಪಕ್ಕ ಚೀಟಿ ಅಂಟಿಸಿದ್ದೇನೆ, ಅದರಂತೆ ಒತ್ತಿ ಹಿಡಿದು ಮಾತಾಡು. ಆಣೆ ಮುರಿಯಿತು ಎಂದು ಹೆದರಬೇಡ. ನೀನು ಹೇಳುವುದು ಅವ್ವನಿಗೆ, ನನಗಲ್ಲ.

ಇನ್ನೊಂದು ವಿಷಯ. ಅವ್ವ ಇವತ್ತು ನನ್ನನ್ನು ತೋರಿಸಿ ಒಂದು ಬೆರಳು ಎತ್ತಿದಳು, ಗೂಟಕ್ಕೆ ಹಾಕಿದ್ದ ನಿನ್ನ ಶರಟು ತೋರಿಸಿ ಇನ್ನೊಂದು ಎತ್ತಿದಳು, ಎರಡನ್ನೂ ಸೇರಿಸಿ ಹಿಡಿದಳು. ಗಿರಿಯಮ್ಮ “ದಿನಾ ಹಿಂಗೇ ಮಾಡ್ತಾರೆ ಕಣಕ್ಕಾ, ನೀವಿಬ್ರೂ ಮಾತಾಡೋದು ಕೇಳ್ಬೇಕು ಅಂತವ್ರೆ” ಎಂದಳು. ಹೋದ ತಿಂಗಳು ನೋಡಿದ ಡಾಕ್ಟರು ಹಾರ್ಟ್ ತುಂಬಾ ವೀಕಾಗಿದೆ, ಯಾವಾಗ ಏನು ಬೇಕಾದರೂ ಆಗಬಹುದು ಎಂದಿದ್ದಾರಂತೆ. ನನಗೆ ಹೇಳಬೇಡ ಎಂದೆಯಂತೆ. ಯಾಕೆ?

ಅಣ್ಣಾ, ಸಿಟ್ಟಿನಲ್ಲಿ ಆಡಿದ ಆಣೆ ಅದು. ಇಬ್ಬರೂ ಕೂತು ಬಿಟ್ಟುಬಿಡೋಣವೇ?

ಸುಧಾ

---

ಗುಬ್ಬಿ
20 ಏಪ್ರಿಲ್ 2025

ಸುಧಾ,

ಹನ್ನೆರಡು ದಿನ ತಡವಾಯಿತು. ಮೂರು ಸಲ ಬರೆದು ಹರಿದೆ.

ದನಿ ಹಾಕಿದ್ದೇನೆ. ಮೆಲ್ಲಗೆ ಒತ್ತಿದರೆ “ಆಯ್ತು ಕಣವ್ವ”, ಸಾಕು ಒತ್ತಿದರೆ “ಸಾಕು ಬುಡು”. ಎರಡನೆಯದು ಒರಟಾಯಿತು ಎಂದು ಮತ್ತೆ ಮಾಡಹೋದೆ, ಅವ್ವ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದಳು.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಲ್ಲ ಎಂದೇ. ಯಾಕೆಂದು ಹೇಳುತ್ತೇನೆ, ಹೇಳಿದ ಮೇಲೆ ನೀನು ನನ್ನ ಮುಖ ನೋಡುವುದಿಲ್ಲ.

ಹೋದ ವರ್ಷದ ಸಂಕ್ರಾಂತಿಯ ದಿನ ಅವ್ವ ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದು “ತಿಂದು ಒಳ್ಳೆ ಮಾತಾಡು ಮಗಾ, ತಂಗಿಗೆ ಫೋನ್ ಮಾಡು” ಎಂದಳು. ನಾನು ಬೈದು ಎದ್ದುಹೋದೆ. ಸಂಜೆ ಮನಸ್ಸು ತಡೆಯಲಿಲ್ಲ. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ನಿಂತು ನಿನ್ನ ನಂಬರು ಒತ್ತಿದೆ. ನೀನು ಹಲೋ ಎಂದೆ. ನಾನು “ಸುಧಾ” ಎಂದೆ. ಅಷ್ಟೇ, ಭಯವಾಗಿ ಕಟ್ ಮಾಡಿದೆ, ನಂಬರನ್ನೂ ಬ್ಲಾಕ್ ಮಾಡಿದೆ. ಮಾರನೆಯ ಬೆಳಗ್ಗೆ ಅವ್ವ ಬಚ್ಚಲಲ್ಲಿ ಬಿದ್ದಳು. ಎತ್ತಿದಾಗ ಬಾಯಿ ಸೊಟ್ಟಗಾಗಿತ್ತು.

ಒಂದೇ ಒಂದು ಮಾತಿಗೆ ಅವಳ ಮಾತೇ ಹೋಯಿತು. ಪೂರಾ ಮಾತಾಡಿದರೆ ಏನಾಗುತ್ತದೋ ನೋಡುವ ಧೈರ್ಯ ನನಗಿಲ್ಲ. ವಿಜ್ಞಾನ ಓದಿದವನು, ಮಕ್ಕಳಿಗೆ ಮೂಢನಂಬಿಕೆ ಬೇಡ ಎಂದು ಭಾಷಣ ಮಾಡುವವನು. ನಗಬೇಕಾದರೆ ನಗು.

ನಿನ್ನ ಅಣ್ಣ

---

ತುಮಕೂರು
22 ಏಪ್ರಿಲ್ 2025

ಅಣ್ಣಾ,

ಆ ಫೋನು ನೀನೇ ಎಂದು ನನಗೆ ಗೊತ್ತಿತ್ತು ಕಣೋ. ಅವತ್ತು ಸಂಜೆಯೆಲ್ಲ ಮೊಬೈಲು ಹಿಡಿದು ಕೂತಿದ್ದೆ, ಇನ್ನೊಂದು ಸಲ ಬರಲಿ ಎಂದು.

ಅವಳಿಗೆ ಬಿಪಿ ಇತ್ತು. ಮಾತ್ರೆ ನುಂಗದೆ ಎರಡು ತಿಂಗಳಾಗಿತ್ತು, ಡಾಕ್ಟರು ನಿನ್ನ ಎದುರಿಗೇ ಬೈದಿದ್ದಾರೆ. ಲಕ್ವ ಹೊಡೆದದ್ದು ರಕ್ತ ಹೆಪ್ಪುಗಟ್ಟಿ. ನಿನ್ನ ಮಾತಿಗೆ ಅಷ್ಟೊಂದು ಶಕ್ತಿಯಿದ್ದಿದ್ದರೆ ನಿನ್ನ ಕ್ಲಾಸಿನ ಹುಡುಗರೆಲ್ಲ ರ‍್ಯಾಂಕ್ ಬರುತ್ತಿದ್ದರು.

ನಾನು ಬಲವಂತ ಮಾಡುವುದಿಲ್ಲ. ಒಬ್ಬನೇ ಇದನ್ನು ಹೊತ್ತುಕೊಂಡು ತಿರುಗಿದೆಯಲ್ಲ, ಅದಕ್ಕೆ ಅಳು ಬರುತ್ತಿದೆ.

ನಿನ್ನ ಸುಧಾ

---

ಗುಬ್ಬಿ
3 ಮೇ 2025

ಸುಧಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಯಂತ್ರಕ್ಕೆ ಹುಚ್ಚು ಹಿಡಿದಿದೆ. ಒಂದು ವಾರದಿಂದ ಫ್ಯಾನು ಗಳಿಗೆಗೊಮ್ಮೆ ಜೋರಾಗುತ್ತದೆ, ನಿಲ್ಲುತ್ತದೆ, ಮತ್ತೆ ಜೋರಾಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಶುರುವಾದರೆ ಗಂಟೆಗಟ್ಟಲೆ. ಮೊನ್ನೆ ಕೆಪಾಸಿಟರ್ ಸುಟ್ಟು ವಾಸನೆ ಬಂತು. ಬದಲಾಯಿಸಿ ಹೋದ ಮೆಕ್ಯಾನಿಕ್ಕು, ಹೀಗೇ ಆಡಿಸಿದರೆ ಮೋಟರಿನ ಕಾಯಿಲೂ ಹೋಗುತ್ತದೆ ಎಂದ. ಈ ಮೇ ತಿಂಗಳಲ್ಲಿ ಫ್ಯಾನಿಲ್ಲದಿದ್ದರೆ ಅವ್ವನ ಗತಿಯೇನು?

ಕೈ ನಡುಗಿ ಒಂದರ ಮೇಲೊಂದು ಒತ್ತುತ್ತಿದ್ದಾಳೆಂದು ಕಾಣುತ್ತದೆ. ಮಂಗಳವಾರ ಬಂದಾಗ ಏನಾದರೂ ಮಾಡು. ಬೇಸಿಗೆ ರಜ, ಸ್ಕೂಲಿಲ್ಲ. ನೀನು ಇಲ್ಲಿರುವ ಹೊತ್ತು, ಹನ್ನೊಂದರಿಂದ ನಾಲ್ಕರವರೆಗೆ, ನಾನು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಇರುತ್ತೇನೆ.

ಅಣ್ಣ

---

ಗುಬ್ಬಿ
6 ಮೇ 2025, ಮಂಗಳವಾರ

ಅಣ್ಣಾ,

ಸುಲಭದ ಕೆಲಸ. ದೊಡ್ಡ ಮೋಟರುಗಳಿಗೆ ನಾವು ಹಾಕುವ ಟೈಮರನ್ನೇ ಇಲ್ಲಿಗೂ ಹಾಕಿದ್ದೇನೆ. ಒಂದು ಸಲ ಬಟನ್ ಒತ್ತಿದರೆ ಮುಂದಿನ ಹತ್ತು ನಿಮಿಷ ಯಾವ ಬಟನ್ನೂ ಕೆಲಸ ಮಾಡುವುದಿಲ್ಲ. ದನಿಯೂ ಬರುವುದಿಲ್ಲ, ಇಲ್ಲದಿದ್ದರೆ ಫ್ಯಾನು ಆಡಿತು ಎಂದುಕೊಳ್ಳುತ್ತಾಳೆ. ಇನ್ನು ಮೇಲೆ ಫ್ಯಾನಿಗೆ ಭಯವಿಲ್ಲ.

ಬಿಸಿಲಲ್ಲಿ ಬೆಂಚಿನ ಮೇಲೆ ಕೂರಬೇಡ, ಒಳಗೆ ಟಿಕೆಟ್ ಕೌಂಟರಿನ ಹತ್ತಿರ ನೆರಳಿದೆ.

ಸುಧಾ

---

ಗುಬ್ಬಿ
11 ಮೇ 2025

ಸುಧಾ,

ಫ್ಯಾನು ಸರಿಹೋಯಿತು. ಅವ್ವ ಸರಿಯಿಲ್ಲ. ಬುಧವಾರದಿಂದ ಗಂಜಿ ಬಾಯಿಗಿಟ್ಟರೆ ಉಗಿಯುತ್ತಾಳೆ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಗಿರಿಯಮ್ಮ “ಒತ್ತಿ ಒತ್ತಿ ಅಳ್ತವ್ರೆ ಸಾ, ನಂಗೆ ನೋಡಕ್ಕಾಗಲ್ಲ” ಎನ್ನುತ್ತಾಳೆ. ಸೆಕೆಯೇ ಎಂದು ಫ್ಯಾನು ಜೋರು ಮಾಡಿದೆ, ಬೇಡ ಎಂದು ತಲೆಯಾಡಿಸಿದಳು. ನಿಲ್ಲಿಸಿದೆ, ಅದೂ ಬೇಡ. ಏನು ಬೇಕೋ ನನಗೆ ತಿಳಿಯುತ್ತಿಲ್ಲ, ನೀನು ನೋಡು.

ಅಣ್ಣ

---

ಗುಬ್ಬಿ
13 ಮೇ 2025, ಮಂಗಳವಾರ

ಅಣ್ಣಾ,

ನಾನು ಎಂಥ ಪೆದ್ದಿ. 

ಯಾರು ಯಾವಾಗ ಏನು ಒತ್ತಿದರು ಎಂಬುದನ್ನೆಲ್ಲ ಈ ಡ್ಯಾಶ್‌ಬೋರ್ಡು ಬರೆದಿಟ್ಟುಕೊಳ್ಳುತ್ತದೆ. ನಾನು ಅದನ್ನು ತೆಗೆದು ನೋಡಲೇ ಇಲ್ಲ, ಟೈಮರ್ ಹಾಕಿ ಎದ್ದುಹೋದೆ. ಇವತ್ತು ನೋಡಿದೆ. ಏಪ್ರಿಲ್ ಕೊನೆಯ ವಾರದಿಂದ ಸಾಲಿಗೆ ಸಾಲು ಒಂದೇ ಥರ. ಜೋರು, ಸಾಕು. ಜೋರು, ಸಾಕು. ನಡುಗುವ ಕೈ ಒಂದೇ ಬಟನನ್ನು ಎರಡೆರಡು ಸಲ ಒತ್ತಬೇಕಿತ್ತು. ಒಂದು ಸಲವೂ ಹಾಗಾಗಿಲ್ಲ. ನನ್ನದು, ನಿನ್ನದು. ನನ್ನದು, ನಿನ್ನದು. ನಡುವೆ ಒಂದು ಮಾತು ಮುಗಿಯುವಷ್ಟು ಹೊತ್ತು ಕಾದಿದ್ದಾಳೆ.

“ಇನ್ನೂ ಜೋರು ಮಾಡ್ಲಾ?” “ಸಾಕು ಬುಡು.” “ಇನ್ನೂ ಜೋರು ಮಾಡ್ಲಾ?” “ಸಾಕು ಬುಡು.”

ಅವಳು ನಮ್ಮಿಬ್ಬರನ್ನು ಮಾತಾಡಿಸುತ್ತಿದ್ದಳು ಅಣ್ಣಾ. ಫ್ಯಾನು ಯಾರಿಗೆ ಬೇಕಿತ್ತು? ಚಿಕ್ಕವರಿದ್ದಾಗ ಜಗುಲಿಯ ಮೇಲೆ ಕಿತ್ತಾಡುತ್ತಿದ್ದೆವಲ್ಲ, ಹಾಗೆ ಕಿತ್ತಾಡಿಸಿ ಕೇಳುತ್ತಾ ಮಲಗಿದ್ದಳು. ನಾವು ಕೆಪಾಸಿಟರ್ ಚಿಂತೆ ಮಾಡಿದೆವು. ಟೈಮರ್ ಹಾಕಿದ ಮೇಲೂ ಒತ್ತಿದ್ದಾಳೆ. ಬುಧವಾರ ಒಂದೇ ದಿನ ಇನ್ನೂರ ಹನ್ನೊಂದು ಸಲ. ನಾವು ಒಬ್ಬರಿಗೊಬ್ಬರು ಉತ್ತರ ಕೊಡದ ಹಾಗೆ ನಾನು ಬಿಗಿದುಹಾಕಿದ್ದೆ.

ಟೈಮರ್ ಕಿತ್ತುಹಾಕಿದೆ. ಮೋಟರಿಗೆ ಏಟಾಗದಂತೆ, ಜೋರು ಮತ್ತು ಸಾಕು ಬೆನ್ನುಬೆನ್ನಿಗೆ ಬಂದರೆ ದನಿ ಮಾತ್ರ ಬರುವಂತೆ, ಫ್ಯಾನು ಆಡದಂತೆ ಮಾಡಿದೆ. ಅವ್ವ ಒತ್ತಿದಳು, ಕೇಳಿದಳು, ಮುಖದ ಒಂದು ಪಕ್ಕ ನಕ್ಕಿತು. ಆಮೇಲೆ ಒಂದು ಲೋಟ ಗಂಜಿ ಕುಡಿದಳು.

ಟ್ಯಾಬಿನೊಳಗಿನ ಎರಡು ಮಾತು ಕೇಳಿ ಅವಳು ಸಾಯಬೇಕೇ ಅಣ್ಣಾ? ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ಸ್ಟೇಷನ್ನಿಗೆ ಹೋಗಬೇಡ, ಮನೆಯಲ್ಲಿರು. ಏನಾಗುವುದಿದ್ದರೂ ಪಾಪ ನನಗಿರಲಿ, ಮೊದಲ ಮಾತು ನಾನೇ ಆಡುತ್ತೇನೆ.

ಸುಧಾ

---

ಗುಬ್ಬಿ
16 ಮೇ 2025

ಸುಧಾ,

ಮೂರು ದಿನ ಯೋಚಿಸಿದೆ. ಅವ್ವನನ್ನೂ ಕೇಳಿದೆ.

ಬಾ.

ಅಣ್ಣ

---

ತುಮಕೂರು
3 ಜೂನ್ 2025, ಮಂಗಳವಾರ

ಅಣ್ಣಾ,

ನಿನ್ನ ಫೋನು ಬರುತ್ತಲೇ ಇದೆ, ನಾನು ಎತ್ತುತ್ತಿಲ್ಲ. ಹುತ್ರಿದುರ್ಗದಲ್ಲಿ ಅವ್ವನ ಹನ್ನೊಂದನೇ ದಿನವೂ ನಿನ್ನ ಮುಖ ನೋಡಲು ಆಗಲಿಲ್ಲ, ಎಡೆ ಇಟ್ಟ ಕೂಡಲೇ ಬಸ್ಸು ಹತ್ತಿ ಬಂದುಬಿಟ್ಟೆ. ಅದಕ್ಕೇ ಈ ಕಾಗದ.

ಆ ಭಾನುವಾರ ಬಾಗಿಲಲ್ಲಿ ನಿಂತು ನಾನು ಕೇಳಿದ್ದು “ಅಣ್ಣಾ, ಊಟ ಆಯ್ತಾ?” ಅಂತ. ಬೆಳಗ್ಗೆ ಹನ್ನೊಂದಕ್ಕೆ ಯಾರಾದರೂ ಊಟ ಕೇಳುತ್ತಾರಾ? ನೀನು “ಆಯ್ತು ಕಣೇ” ಎಂದು ಸುಳ್ಳು ಹೇಳಿದೆ. ಆಮೇಲೆ ನಾನು ತಂದ ಹಲಸಿನ ಹಣ್ಣು ಬಿಡಿಸಲು ಕೂತೆವು. ಕೈಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ ಎಂದು ನೀನು ಬೈದೆ, ನಾನು ತಿರುಗಿಸಿ ಬೈದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಿದ್ದೆ ಬಂತೇನೋ ಎಂದು ನಾವು ದನಿ ತಗ್ಗಿಸಿದರೆ ಮಂಚದ ಪಟ್ಟಿ ಕುಟ್ಟುತ್ತಿದ್ದಳು. ಸಂಜೆ ನಾಲ್ಕರವರೆಗೆ ನಾವು ಬಾಯಿ ಮುಚ್ಚಲಿಲ್ಲ.

ಬುಧವಾರ ಮಧ್ಯಾಹ್ನ ನೀನು ಫೋನಿನಲ್ಲಿ “ಸುಧಾ” ಎಂದ ಕೂಡಲೇ ನನಗೆ ತಿಳಿಯಿತು.

ಮೂರೇ ದಿನ ಅಣ್ಣಾ. ಬಿಪಿ, ರಕ್ತ ಹೆಪ್ಪು ಎಂದು ನಿನಗೆ ಪಾಠ ಹೇಳಿದವಳು ನಾನು. ಹಾರ್ಟ್ ವೀಕಿತ್ತು ಎಂಬುದೂ ಗೊತ್ತು. ಎಲ್ಲ ಗೊತ್ತಿದ್ದೂ ರಾತ್ರಿಯಾದರೆ ಒಂದೇ ಮಾತು ತಲೆಯಲ್ಲಿ ಕೊರೆಯುತ್ತದೆ. ನೀನು ಬೇಡ ಎಂದಿದ್ದೆ, ಹೆದರಿದ್ದೆ. ನಾನು ಹಟ ಮಾಡಿ ಬಂದೆ. ಅಪ್ಪನನ್ನೂ ಹಟ ಮಾಡಿ ಒಯ್ದವಳು ನಾನೇ. ಇಬ್ಬರನ್ನೂ ನಾನೇ ತಿಂದೆ.

ಇನ್ನು ಫೋನ್ ಮಾಡಬೇಡ. ಈ ಸಲ ಯಾವ ಆಣೆಯೂ ಇಲ್ಲ, ನನಗೆ ಬಾಯೇ ಬರುತ್ತಿಲ್ಲ.

ಸುಧಾ

---

ಗುಬ್ಬಿ
9 ಜೂನ್ 2025

ಸುಧಮ್ಮಾ,

ನಿನಗೆ ನಾನು ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅವ್ವನನ್ನೂ ಕೇಳಿದೆ ಎಂದು ಒಂದೇ ಸಾಲು ಬರೆದಿದ್ದೆನಲ್ಲ, ಅದನ್ನು ಈಗ ಪೂರಾ ಬರೆಯುತ್ತೇನೆ.

ಹದಿನಾರನೇ ತಾರೀಕು ಶುಕ್ರವಾರ ಬೆಳಗ್ಗೆ ಅವಳಿಗೆ ತಲೆ ಬಾಚಿ ಪಕ್ಕದಲ್ಲಿ ಕೂತೆ. ಏನನ್ನೂ ಮುಚ್ಚಿಡಲಿಲ್ಲ. “ಅವ್ವಾ, ನಿನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ವಿ. ಸಂಕ್ರಾಂತಿ ದಿನ ನಾನು ಅದನ್ನ ಮುರಿದೆ, ನಿನಗೆ ಹಿಂಗಾಯ್ತು. ಈಗ ಸುಧಾ ಬರ್ತೀನಿ ಅಂತವ್ಳೆ. ನಾವು ಮಾತಾಡಿ ನಿನಗೆ ಏನಾದ್ರೂ ಆದ್ರೆ ನಾನು ಬದುಕಿರಲ್ಲ” ಎಂದೆ. ಎಂದು ಅವಳ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟೆ.

ಅವಳು ನನ್ನ ಬಲಗೈಯನ್ನು ತನ್ನ ಎಡಗೈಯಲ್ಲಿ ಹಿಡಿದಳು. ಎಳೆದು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಅದನ್ನು ಎತ್ತಿ ಹಾಸಿಗೆಯ ಮೇಲೆ ಹಾಕಿದಳು.  ಮತ್ತೆ ನನ್ನ ಕೈಯನ್ನೇ ಹಿಡಿದು ತಲೆಯ ಮೇಲೆ ಇಟ್ಟುಕೊಂಡಳು. ಈ ಸಲ ಅದು ನನ್ನದಲ್ಲ ಎಂಬಂತೆ ಗೂಟದಲ್ಲಿ ನೀನು ಬಿಟ್ಟುಹೋಗಿದ್ದ ದುಪ್ಪಟ್ಟ ತೋರಿಸಿದಳು. ನಿನ್ನ ಕೈ ಎಂದು. ಅದನ್ನೂ ಎತ್ತಿ ಕೆಳಗೆ ಹಾಕಿದಳು. ಹಾಕಿ, ನನ್ನ ಕಣ್ಣು ಒರೆಸಿದಳು.

ಆಣೆ ಇಟ್ಟವರು ನಾವು, ತೆಗೆದವಳು ಅವಳು. ಎಲ್ಲ ಕೇಳಿಸಿಕೊಂಡು, ತಿಳಿದು ತೆಗೆದಳು. ನೀನು ಹಟ ಮಾಡಿ ಬಂದೆ ಎಂದು ನಾನು ಬಾಗಿಲು ತೆಗೆಯಲಿಲ್ಲ, ಅವಳು ಕರೆದಳು ಎಂದು ತೆಗೆದೆ. ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದರೆ ಸಾವಿಗೆ ಅವಳೇ ಒಪ್ಪಿಕೊಂಡಳು ಎಂದು ನೀನು ಹೆದರಿ ಬರದೇ ಹೋದೀಯೆಂದು ಹೇಳಲಿಲ್ಲ.

ಕೊನೆಯ ಮೂರು ದಿನ ಅವಳು ಟ್ಯಾಬು ಮುಟ್ಟಲಿಲ್ಲ. ಸೆಕೆಯಾದರೆ ನನ್ನ ಕಡೆ ನೋಡುತ್ತಿದ್ದಳು, ನಾನು ಎದ್ದು ಹಾಕುತ್ತಿದ್ದೆ. ಬುಧವಾರ ಗಂಜಿ ಕುಡಿದು ಮಲಗಿದಳು, ಹೋದದ್ದು ಗಿರಿಯಮ್ಮನಿಗೂ ಗೊತ್ತಾಗಲಿಲ್ಲ.

ಅಪ್ಪನ ಮಾತು. ಬೆಂಗಳೂರಿಗೆ ಒಯ್ಯದಿದ್ದರೂ ಅವನು ಉಳಿಯುತ್ತಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಯಾರನ್ನಾದರೂ ಬೈಯದೆ ಇರಲು ಆಗದೆ ನಿನ್ನನ್ನು ಬೈದೆ. ನಾಲ್ಕು ವರ್ಷ ತಡವಾಗಿ ಬರೆಯುತ್ತಿದ್ದೇನೆ, ತಪ್ಪು ನನ್ನದು ಕಣಮ್ಮ.

ಈ ಭಾನುವಾರ ಬೆಳಗ್ಗೆ ತುಮಕೂರಿಗೆ ಬರುತ್ತೇನೆ. ಅಡುಗೆ ಮಾಡಬೇಡ, ಮಾತಾಡಲು ಆಗದಿದ್ದರೆ ಮಾತೂ ಬೇಡ. ಅಪ್ಪ ಹೋದಾಗ ಅಣ್ಣ ತಂಗಿ ಬೇರೆ ಬೇರೆ ಮನೆಯಲ್ಲಿ ಕೂತು ಅತ್ತೆವು. ಅವ್ವನಿಗಾದರೂ ಒಂದೇ ಕಡೆ ಕೂತು ಅಳೋಣ.

ಬಾಗಿಲು ತೆಗೆ.

ನಿನ್ನ ಅಣ್ಣ